ಮೇಜಿನ ಹಲಗೆಗಳು

"ಇಷ್ಟು ಉದ್ದ ಇದ್ರೆ ಸಾಕು ಅಣ್ಣಾ," ಎಂದು ಇಸ್ತ್ರಿ ಮಾಮ ಒಂದು ದಾರವನ್ನು ಅಪ್ಪನ ಕೈಗೆ ಕೊಟ್ಟ.

ದಾರದ ತುದಿಗೆ ಗಂಟು ಹಾಕಿತ್ತು. ಅದು ಗಿಳಿಯ ಎದೆಮಟ್ಟಕ್ಕೂ ಬರುತ್ತಿರಲಿಲ್ಲ.

ಗಿಳಿ ಬಡಗಿಯ ಮಗಳು. ಸುಮ್ಮನೆ ಕೂರುವುದೇ ಇಲ್ಲ, ಮಾತೋ ಮಾತು ಎಂದು ಶಾಲೆಯವರು ಇಟ್ಟ ಹೆಸರು ಅದು. ಪಕ್ಕದ ಮನೆಯ ಗುಂಡ ಜ್ವರ ಬಂದು ತೀರಿಹೋಗಿದ್ದ. ಅವನಿಗಿನ್ನೂ ನಾಲ್ಕು ವರ್ಷ. ಇಸ್ತ್ರಿ ಮಾಮನಿಗೆ ಇದ್ದದ್ದು ಅವನೊಬ್ಬನೇ ಮಗ.

"ಸಂಜೆ ನಾಲ್ಕಕ್ಕೆ ಮಣ್ಣು ಅಂತ ಫಾದರ್ ಹೇಳಿದ್ರು. ಅವನನ್ನ ಮಲಗಿಸೋ ಪೆಟ್ಟಿಗೆಗೆ ಸೋಪಿನ ಪೆಟ್ಟಿಗೆ ಹಲಗೆ ಆದ್ರೂ ನಡೆಯುತ್ತೆ ಅಣ್ಣಾ." ಅಷ್ಟು ಹೇಳಿ ಮಾಮ ಹೊರಟುಹೋದ.

ಎರಡು ತಿಂಗಳ ಹಿಂದೆ ಗರಗಸದ ಮೆಷಿನ್ನಿಗೆ ಸಿಕ್ಕಿ ಅಪ್ಪನ ಬಲಗೈಯ ಎರಡು ಬೆರಳು ಹೋಗಿದ್ದವು. ಅಂದಿನಿಂದ ಕೆಲಸ ಕೊಡುವವರಿಲ್ಲ. ಷೆಡ್ಡಿನ ಮರವೆಲ್ಲ ಮಾರಿಯಾಗಿತ್ತು. ಗೋಡೆಗೆ ಒರಗಿಸಿಟ್ಟ ಎರಡು ಉದ್ದನೆಯ ಹಲಗೆಗಳು ಮಾತ್ರ ಉಳಿದಿದ್ದವು. ಅವು ಗಿಳಿಯ ಮೇಜಿಗೆಂದು ಎತ್ತಿಟ್ಟದ್ದು. ಗಿಳಿ ನೆಲದ ಮೇಲೆ ಕವುಚಿ ಮಲಗಿ ಬರೆಯುತ್ತಾಳೆ. ಹೋಂವರ್ಕ್ ಮೇಲೆ ಕೋಳಿ ಓಡಾಡುತ್ತದೆ. "ಇದು ನೀನು ಬರೆದಿದ್ದೋ, ಕೋಳಿ ಬರೆದಿದ್ದೋ?" ಎಂದು ಟೀಚರ್ ಕೇಳಿದಾಗ ಇಡೀ ಕ್ಲಾಸು ನಕ್ಕಿತ್ತು.

ಅಪ್ಪ ಹಲಗೆಗಳ ಕಡೆ ನೋಡಿದ.

"ಅಪ್ಪಾ, ಅದು ನಂದು!"

"ನಿಂದೇ ಮಗಾ. ಅದಕ್ಕೇ ಕೇಳ್ತಾ ಇದ್ದೀನಿ."

"ಸೋಪಿನ ಹಲಗೆ ನಡೆಯುತ್ತೆ ಅಂತ ಮಾಮಾನೇ ಹೇಳಿದ್ರಲ್ಲ?"

"ಪಾಪ, ಅವನಿಗೆ ಕೇಳೋಕೆ ಸಂಕೋಚ."

ಗಿಳಿಗೆ ಅಳು ಬಂತು. "ತಗೋ ಹಾಗಾದ್ರೆ! ಎಲ್ಲಾ ತಗೋ! ನಂಗೇನೂ ಬೇಡ!"

ಅಪ್ಪ ಹಲಗೆ ಮುಟ್ಟಲಿಲ್ಲ. "ಹೀಗಲ್ಲ ಮಗಾ. ಮುಖ ಊದಿಸ್ಕೊಂಡು ಕೊಟ್ರೆ ದೇವರೂ ಇಸ್ಕೊಳ್ಳಲ್ಲ. ಬೇಡ ಬಿಡು."

ಅವನು ಮೂಲೆಯಲ್ಲಿದ್ದ ಸೋಪಿನ ಪೆಟ್ಟಿಗೆ ಬಿಚ್ಚತೊಡಗಿದ. ಮೂರು ಬೆರಳಲ್ಲಿ ಮೊಳೆ ಕೀಳುವಾಗ ಹಲಗೆ ಸೀಳಿತು. ಇನ್ನೊಂದು ತೆಗೆದ, ಅದೂ ಸೀಳಿತು. ಅಪ್ಪ ಸುತ್ತಿಗೆ ಕೆಳಗಿಟ್ಟು ತಲೆ ತಗ್ಗಿಸಿ ಕೂತುಬಿಟ್ಟ.

"ಇದೂ ನನ್ನ ಕೈಲಾಗಲ್ಲ," ಎಂದ, ತನಗೆ ತಾನೇ.

ಗಿಳಿ ದಾರವನ್ನು ಎತ್ತಿಕೊಂಡಳು. ತನ್ನ ಹಲಗೆಯೊಂದನ್ನು ನೆಲಕ್ಕೆ ಮಲಗಿಸಿ, ಅದರ ಮೇಲೆ ದಾರ ಎಳೆದು ಹಿಡಿದಳು. ಹಲಗೆಯ ಅರ್ಧಕ್ಕೂ ಮೊದಲೇ ದಾರ ಮುಗಿದುಹೋಯಿತು. ಗುಂಡ ಇಷ್ಟೇನಾ? ಎಷ್ಟೋ ಹೊತ್ತು ಅವಳು ಆ ಗಂಟನ್ನೇ ನೋಡಿದಳು.

"ಅಪ್ಪಾ, ಗುರುತು ಹಾಕು. ನಾನು ಹಿಡ್ಕೋತೀನಿ."

"ಸಿಟ್ಟು ಹೋಯ್ತಾ?"

"ಇನ್ನೂ ಇದೆ. ಗುಂಡನ ಮೇಲಲ್ಲ."

ಅಪ್ಪ ಎಡಗೈಯಲ್ಲಿ ಗರಗಸ ಹಿಡಿದ. ಗಿಳಿ ಹಲಗೆಯ ಮೇಲೆ ಮೊಣಕಾಲೂರಿ ಕೂತಳು. ಗೆರೆ ಎರಡು ಸಲ ಸೊಟ್ಟಗಾಯಿತು. ಅಪ್ಪ ಬೈದುಕೊಳ್ಳಲಿಲ್ಲ. ಎರಡೂ ಹಲಗೆ ತುಂಡಾದವು. ಮೊಳೆಯನ್ನು ಅವಳು ಹಿಡಿದಳು, ಅವನು ಹೊಡೆದ. ಆಮೇಲೆ ಅವಳು ಸ್ಯಾಂಡ್ ಪೇಪರ್ ತೆಗೆದುಕೊಂಡು ಹೊರಮೈ ಉಜ್ಜಿದಳು.

"ಒಳಗಡೇನೂ ಉಜ್ಜು," ಎಂದ ಅಪ್ಪ.

"ಒಳಗೆ ಯಾರು ನೋಡ್ತಾರೆ?"

"ಯಾರೂ ನೋಡಲ್ಲ. ಅವನು ಮಲಗೋದು ಅಲ್ಲೇ ಅಲ್ವಾ?"

ಗಿಳಿ ಒಳಗೂ ಉಜ್ಜಿದಳು. ಮೂಲೆಮೂಲೆಗೂ ಬೆರಳು ತೂರಿಸಿ ಉಜ್ಜಿದಳು. ನಡುವೆ ಏನೋ ಸಣ್ಣಗೆ ಕೇಳಿಸಿತು. ಅಪ್ಪ ಚರ್ಚಿನ ಹಾಡೊಂದನ್ನು ಗುನುಗುತ್ತಿದ್ದ. ಬೆರಳು ಹೋದ ಮೇಲೆ ಅವನ ಬಾಯಲ್ಲಿ ಹಾಡು ಬಂದದ್ದು ಅದೇ ಮೊದಲು.

ಮೂರೂವರೆಗೆ ಇಸ್ತ್ರಿ ಮಾಮ ಬಂದ. ಬಗ್ಗಿ ಪೆಟ್ಟಿಗೆಯೊಳಗೆ ಅಂಗೈ ಇಟ್ಟು, ಅಂಗಿಯ ಸುಕ್ಕು ತೆಗೆಯುವವನ ಹಾಗೆ, ಈ ತುದಿಯಿಂದ ಆ ತುದಿಯವರೆಗೆ ಸವರಿದ. ಕೈ ಎಲ್ಲೂ ತಡೆಯಲಿಲ್ಲ. ಆಗ ಅವನು ಬಿಕ್ಕಿಬಿಕ್ಕಿ ಅತ್ತ. ಅಪ್ಪ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತ.

ಗಿಳಿಯೂ ಅತ್ತಳು. ಮೇಜು ಇನ್ನಿಲ್ಲ, ಗುಂಡನೂ ಇಲ್ಲ. ಆದರೂ ಎದೆಯೊಳಗೆ ಎಲ್ಲೋ ಒಂದು ಕಡೆ ಹಗುರವಾಗಿತ್ತು. ಇಂಥ ದಿನ ಹೀಗೆಲ್ಲ ಅನ್ನಿಸಬಹುದೇ ಎಂದು ಅವಳಿಗೆ ನಾಚಿಕೆಯಾಯಿತು. ಮೆಲ್ಲಗೆ ತಲೆಯೆತ್ತಿ ಅಪ್ಪನ ಮುಖ ನೋಡಿದಳು.

ಅಲ್ಲೂ ಅದೇ ಹಗುರ, ಅದೇ ನಾಚಿಕೆ ಇತ್ತು.