ರೂಪಶ್ರೀಯ ಕೆನ್ನೆಯ ಬಣ್ಣ

ರೂಪಶ್ರೀಯ ಗಲ್ಲವನ್ನು ರಂಗನಾಯಕ ಎರಡು ಬೆರಳಿನಲ್ಲಿ ಮೆಲ್ಲಗೆ ಎತ್ತಿ ಕಿಟಕಿಯತ್ತ ತಿರುಗಿಸಿದ. ಮೂಲೆಯ ಮೇಜಿನಲ್ಲಿ ಬಣ್ಣ ಕಲೆಸುತ್ತಿದ್ದ ಭಾನುವಿನ ಕುಂಚ ಅಲ್ಲೇ ನಿಂತಿತು.

ಗುಂಡ್ಲುಪೇಟೆಯ ಆ ಫೋಟೋ ಸ್ಟುಡಿಯೋ ರಂಗನಾಯಕನ ತಾತನದು. ಎಲ್ಲರೂ ಮೊಬೈಲಿನಲ್ಲೇ ಫೋಟೋ ತೆಗೆಯುವ ಈ ಕಾಲದಲ್ಲಿ ಅವನು ತಾತನ ಮರದ ಕ್ಯಾಮೆರಾ, ಅರಮನೆಯ ಕಂಬ ಬರೆದ ಪರದೆ ಎರಡನ್ನೂ ಮತ್ತೆ ಹೊರತೆಗೆದಿದ್ದ. ಫ್ಲ್ಯಾಶ್ ಇಲ್ಲ; ಗಾಜಿನ ಪ್ಲೇಟು, ಕಿಟಕಿಯ ಬೆಳಕು, ಅಷ್ಟೆ. ಲೆನ್ಸಿನ ಮುಚ್ಚಳ ತೆಗೆದು, ಬಾಯಲ್ಲಿ ಎಣಿಸಿ, ಮತ್ತೆ ಮುಚ್ಚಬೇಕು. ಕಪ್ಪು-ಬಿಳುಪು ಪ್ರಿಂಟಿಗೆ ಕೈಯಲ್ಲಿ ಬಣ್ಣ ಹಚ್ಚಲು ಉಡಿಗಾಲದಿಂದ ಬಸ್ಸಿನಲ್ಲಿ ಬರುತ್ತಿದ್ದವಳು ಭಾನು.

ಬರುತ್ತಿದ್ದದ್ದು ಬಣ್ಣಕ್ಕೆ ಮಾತ್ರ ಅಲ್ಲ ಎಂದು ಅವಳೊಬ್ಬಳಿಗೇ ಗೊತ್ತಿತ್ತು.

ರೂಪಶ್ರೀ ಚಾಮರಾಜನಗರದ ಕಾಲೇಜಿನಲ್ಲಿ ಪಾಠ ಹೇಳುವವಳು. ಮುಚ್ಚಳ ತೆಗೆದ ರಂಗನಾಯಕ ಅವಳ ಮುಖದಿಂದ ಕಣ್ಣು ಕೀಳದೆ ಎಣಿಸಿದ. ಅವನ ದನಿ ಅಷ್ಟು ಮೆತ್ತಗಿರಬಹುದೆಂದು ಭಾನು ಅಂದುಕೊಂಡೇ ಇರಲಿಲ್ಲ. ಹೋಗುವಾಗ ರೂಪಶ್ರೀ ನಗುತ್ತಾ ಇನ್ನೊಂದು ಫೋಟೋಗೆ ಬರುವೆನೆಂದಳು. ಅವನೂ ನಕ್ಕ.

ಪ್ರಿಂಟು ಭಾನುವಿನ ಮೇಜಿಗೆ ಬಂತು. ಕೆನ್ನೆಗೆ ಗುಲಾಬಿ ಬಳಿಯಬೇಕಿತ್ತು. ಅವಳು ಹಳದಿ ಬಳಿದಳು. ಕಣ್ಣ ಕೆಳಗೆ ಒಂದಿಷ್ಟು ಬೂದಿ ಬಣ್ಣವನ್ನೂ. ಚೆಲುವೆ ಕಾಮಾಲೆ ಬಂದವಳಂತೆ ಕಂಡಳು. ಒಂದು ಗಳಿಗೆ ಹಾಯೆನಿಸಿತು. ಆಮೇಲೆ ತನ್ನ ಕೈ ನೋಡಲು ತನಗೇ ನಾಚಿಕೆಯಾಯಿತು.

ಅದನ್ನು ನೋಡಿದ ರಂಗನಾಯಕ ಬೈಯಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಮಾತ್ರ ಕೇಳಿದ.

"ನನ್ನ ಯಾವತ್ತಾರ ಅಂಗೆ ನೋಡಿದ್ದೀರಾ?" ಭಾನುವಿನ ಬಾಯಿಂದ ಬಂದೇಬಿಟ್ಟಿತು.

ಅವನು ಕುರ್ಚಿಯನ್ನು ಕಿಟಕಿಯ ಬಳಿ ಎಳೆದ. "ಕುತ್ಕೊ."

ಅವಳ ಗಲ್ಲದತ್ತ ಚಾಚಿದ ಬೆರಳು ಹಿಂದೆ ಸರಿಯಿತು. ಮುಚ್ಚಳ ತೆಗೆದ. ಒಂದು, ಎರಡು ಎಂದವನು ಮೂರು ಎನ್ನಲಿಲ್ಲ. ಭಾನು ಉಸಿರು ಬಿಗಿಹಿಡಿದು ಕೂತಿದ್ದಳು. ಹೊರಗೆ ಊಟಿ ಬಸ್ಸು ಹಾರ್ನ್ ಹೊಡೆದು ಹೋಯಿತು. ಮುಚ್ಚಳ ಕೈಯಲ್ಲೇ ಹಿಡಿದು ಅವನು ನೋಡುತ್ತಲೇ ಇದ್ದ.

ಕತ್ತಲೆಕೋಣೆಯಿಂದ ಹೊರಬಂದ ಪ್ಲೇಟು ಪೂರ್ತಿ ಕಪ್ಪಾಗಿತ್ತು. ಬೆಳಕು ಹೆಚ್ಚಾಗಿ, ಮುಖದ ಗುರುತೂ ಉಳಿದಿರಲಿಲ್ಲ.

"ಅವ್ರದ್ ಮಾತ್ರ ಸರಿಯಾಗ್ ಬಂತು," ಎಂದಳು ಭಾನು.

"ಅವ್ರ್ ಮುಖದ್ ಮೇಲಿನ ಬೆಳಕ್ನ ನೋಡ್ತಿದ್ದೆ ಕಣಮ್ಮಿ, ಅದ್ಕೆ ಎಣ್ಸಕ್ಕಾಯ್ತು. ನಿನ್ ಮುಂದೆ ಎಣಿಕೇನೇ ಮರ್ತೋಯ್ತು." ಅವನು ತಲೆ ತಗ್ಗಿಸಿದ. "ನೀನು ಇಲ್ಗೆ ಬಂದಾಗಿಂದ್ಲೂ ಇಂಗೇ."

ಭಾನು ರೂಪಶ್ರೀಯ ಇನ್ನೊಂದು ಪ್ರಿಂಟು ಕೇಳಿ ತೆಗೆದುಕೊಂಡಳು. ಈ ಸಲ ಕೆನ್ನೆಗೆ ಗುಲಾಬಿಯನ್ನೇ ಬಳಿದಳು. ನಿಜಕ್ಕೂ ಚೆಲುವೆ. ಹೊಟ್ಟೆಯೊಳಗೆ ಇನ್ನೂ ಸ್ವಲ್ಪ ಉರಿಯಿತು. ಆದರೂ ಬಣ್ಣ ಕೆಡಿಸಲಿಲ್ಲ.

ತಲೆ ಎತ್ತದೆಯೇ ಹೇಳಿದಳು, "ಭಾನುವಾರ ಅಪ್ಪ ಮನೇಲಿರ್ತಾರೆ. ಬಂದು ಹೆಣ್ಣು ಕೇಳು."

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಬತ್ತೀನಿ," ಎಂದ ರಂಗನಾಯಕ.