ತೂಗುಸೇತುವೆಯ ಮೇಲೊಂದು ಉತ್ತರ

ಥಾಣೆಯ ಆ ಕಾಡಿನ ಪಾರ್ಕಿನ ಗೇಟಿನಲ್ಲಿ ಪ್ರಣೀತಾ ಮೂರನೇ ಸಲ ವಾಚು ನೋಡಿಕೊಂಡಳು. ಠಾಕುರ್ಲಿಯಲ್ಲಿ ಲೋಕಲ್ ರೈಲು ಹತ್ತಿದಾಗಿನಿಂದ ಒಂದೇ ಸಮನೆ ತಳಮಳ. ಅನೀಶನಿಗೆ ಇವತ್ತು ಉತ್ತರ ಹೇಳಲೇಬೇಕು. ಐದು ತಿಂಗಳು ಕಾದು ಸಾಕಾಗಿ, ಅವನ ಮನೆಯವರು ಮಂಗಳವಾರ ಉಡುಪಿಗೆ ಬೇರೆ ಹೆಣ್ಣು ನೋಡಲು ಹೊರಟಿದ್ದರು.

ಸಾನಪಾಡಾದ ಹೋಟೆಲನ್ನು ಅಣ್ಣನಿಗೆ ಒಪ್ಪಿಸಿ ಬಂದಿದ್ದ ಅನೀಶ ದೂರದಿಂದಲೇ ನಕ್ಕ. ಅವನ ಕಣ್ಣು ಒಂದು ಕ್ಷಣ ಅವಳ ಜುಮುಕಿಯಲ್ಲಿ ನಿಂತು, ಸಿಕ್ಕಿಬಿದ್ದಂತೆ ನೆಲಕ್ಕಿಳಿಯಿತು.

"ಈ ಜಾಗ ಯಾಕೆ ಆರಿಸಿದ್ದು ಮಾರಾಯ್ತಿ?"

"ಇಲ್ಲಿ ನಮ್ಮ ಪೈಕಿ ಯಾರೂ ಸಿಗುದಿಲ್ಲ, ಅದಕ್ಕೆ."

ಅವಳ ಮೊದಲ ಮದುವೆ ಎರಡೇ ವರ್ಷಕ್ಕೆ ಮುರಿದಿತ್ತು. ಆ ಮನುಷ್ಯ ಯಾವುದಕ್ಕೂ ಹೆದರುವವನಲ್ಲ. ಅವಳು ಹೆದರಿದರೆ ನಗುತ್ತಿದ್ದ. ಮತ್ತೆ ಅಂಥದೇ ಮನೆಯೊಳಗೆ ಕಾಲಿಟ್ಟರೆ?

ಮರಗಳ ನೆತ್ತಿಯ ಮೇಲೆ ತೂಗುಸೇತುವೆ ಜೋತಾಡುತ್ತಿತ್ತು. ಅವಳು ಮುಂದೆ, ಅನೀಶ ಹಿಂದೆ ಹತ್ತಿದರು. ಅರ್ಧ ದಾರಿಯಲ್ಲಿ ಹಿಂದಿನ ಹೆಜ್ಜೆ ಸದ್ದು ನಿಂತಿತು. ತಿರುಗಿದಳು. ಅನೀಶ ಎರಡೂ ಕೈಯಲ್ಲಿ ಹಗ್ಗ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದ. ರೆಪ್ಪೆಗಳು ಅದುರುತ್ತಿದ್ದವು.

"ಏನಾಯ್ತು?"

"ಹೆದರಿಕೆ ಆಗ್ತದೆ. ಸಣ್ಣದಿರುವಾಗಿಂದ ನಂಗೆ ಎತ್ತರ ಆಗುದಿಲ್ಲ."

"ಮೊದಲೇ ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ನೀನು ಇವತ್ತು ಬೇಡ ಅಂತಿದ್ದಿ. ಮಂಗಳವಾರ ಬಂದುಬಿಡ್ತಿತ್ತು."

"ಚಲಾ, ಚಲಾ, ಥಾಂಬೂ ನಕಾ!" ನಿಲ್ಲಬೇಡಿ ಎಂದು ಹಿಂದಿನಿಂದ ಗಾರ್ಡ್ ಮರಾಠಿಯಲ್ಲಿ ಕೂಗಿದ.

ಪ್ರಣೀತಾ ಅವನ ಮುಖವನ್ನೇ ನೋಡಿದಳು. ಹಣೆ ತುಂಬ ಬೆವರು; ನಾಚಿಕೆ ಮಾತ್ರ ಎಲ್ಲೂ ಇರಲಿಲ್ಲ. ಹೆದರಿಕೆಯನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡ ಗಂಡಸನ್ನು ಅವಳು ಕಂಡೇ ಇರಲಿಲ್ಲ. ಹತ್ತಿರ ಬಂದು, ಹಗ್ಗ ಕಚ್ಚಿಕೊಂಡಿದ್ದ ಅವನ ಒಂದು ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಅಂಗೈಯೊಳಗೆ ಸೇರಿಸಿಕೊಂಡಳು.

"ನಂಗೂ ಹೆದರಿಕೆ ಉಂಟು ಅನೀಶ. ಈ ಸೇತುವೆದಲ್ಲ, ಮದುವೆದು."

"ಗೊತ್ತುಂಟು. ನಿಧಾನ ಹೋಗುವ."

"ಮನೆಗೆ ಫೋನ್ ಮಾಡು. ಟಿಕೆಟ್ ಕ್ಯಾನ್ಸಲ್ ಮಾಡ್ಲಿ."

"ಯಾವ ಟಿಕೆಟ್?"

"ಉಡುಪಿದು!"

ಅನೀಶ ಕಣ್ಣು ತೆರೆದ. ಅವಳನ್ನು ನೋಡುತ್ತ ನೋಡುತ್ತ ಬೆವರಿದ ಮುಖವೆಲ್ಲ ನಗುವಾಯಿತು.

"ಕೈ ಬಿಟ್ರೆ ನಾನು ಬಿದ್ದೇ ಹೋಗ್ತೇನೆ. ಮೊಬೈಲ್ ಜೇಬಲ್ಲುಂಟು, ನೀನೇ ಮಾಡು."

ಅಂಗಿಯ ಜೇಬಿಗೆ ಕೈ ಹಾಕಿದಾಗ ಅವನ ಎದೆ ಬಡಿಯುವುದು ಬೆರಳಿಗೆ ತಾಗಿತು. ಪ್ರಣೀತಾ ನಂಬರ್ ಒತ್ತಿದಳು.

"ಹಲೋ, ಅನೀಶಾ?" ಅವನ ಅಮ್ಮನ ದನಿ.

ಇಷ್ಟು ದಿನ ಆಂಟಿ ಎನ್ನುತ್ತಿದ್ದವಳು ಮೊಬೈಲನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಅತ್ತೆ, ನಾನು ಪ್ರಣೀತಾ."