ಮೂರನೇ ಸಲ ಕೇಳುವವರೆಗೆ

ಬೆರಿಟ್ ಬಿಳಿ ಬೀನ್ಸ್ ಕಾಳುಗಳನ್ನು ಫೋರ್ಕಿನ ಬೆನ್ನಿನಿಂದ ಹಿಸುಕುತ್ತಿದ್ದಳು. ಸದ್ದಾಗಬಾರದೆಂದು ಬಟ್ಟಲಿನ ಕೆಳಗೆ ಟವೆಲ್ ಮಡಿಸಿ ಇಟ್ಟಿದ್ದಳು. ಪಕ್ಕದ ಕೋಣೆಯಲ್ಲಿ ಅಪ್ಪನ ಕುರ್ಚಿ ಒಮ್ಮೆ ಕಿರುಗುಟ್ಟಿದಾಗ ಕೈ ಹಾಗೇ ನಿಂತಿತು. ಕುರ್ಚಿ ಸುಮ್ಮನಾದ ಮೇಲೆ ಮತ್ತೆ ನಡೆಯಿತು. ಕಾಳು ಸಿಪ್ಪೆ ಬಿಟ್ಟು ಬೆಣ್ಣೆಯಂತಾಯಿತು. ಅದಕ್ಕೆ ಗಟ್ಟಿ ಮೊಸರು, ಮೇಲೆ ಒಡೆದ ಹಾಲಿನ ಗಿಣ್ಣು ಎರಡು ಸೌಟು.

ಇಷ್ಟನ್ನೂ ಅವಳು ಕಳ್ಳಿಯ ಹಾಗೆ ಮಾಡುತ್ತಿದ್ದಳು. ಅಪ್ಪನಿಗೆ ಗೊತ್ತಾದರೆ ತಟ್ಟೆ ಆಚೆ ಸರಿಸಿಬಿಡುತ್ತಾನೆ.

ಹೋದ ವಸಂತದಲ್ಲಿ ಹಕ್ಕಿಜ್ವರ ಬಂದು ಅಪ್ಪ ಆರ್ಲನ್‌ನ ಟರ್ಕಿ ಕೋಳಿಗಳನ್ನೆಲ್ಲ ಕೊಂದು ಹೂಳಬೇಕಾಯಿತು. ಉದ್ದನೆಯ ಶೆಡ್ಡುಗಳು ಖಾಲಿ ನಿಂತವು. ಅದಾದ ಮೇಲೆ ಆರ್ಲನ್ ತಾನೇ ಹಾಸಿಗೆ ಹಿಡಿದ. ಎದ್ದಾಗ ಪ್ಯಾಂಟಿನೊಳಗೆ ಕಾಲುಗಳೇ ಇಲ್ಲವೇನೋ ಎಂಬಂತಿತ್ತು. ಡಾಕ್ಟರು, "ಪ್ರೋಟೀನ್ ಹೋಗ್ಬೇಕಮ್ಮ ಒಳಗೆ, ಇಲ್ಲಾಂದ್ರೆ ಗಾಲಿ ಕುರ್ಚಿನೇ ಗತಿ," ಎಂದಿದ್ದರು. ಡಬ್ಬಿಯ ಪೌಡರನ್ನು ಅಪ್ಪ ಒಂದು ಸಲ ಕುಡಿದು, ಎರಡನೇ ಸಲ ಸಿಂಕಿಗೆ ಸುರಿದ.

ಉಳಿದದ್ದು ಹಾಟ್‌ಡಿಶ್ ಒಂದೇ. ಅಮ್ಮ ಇದ್ದ ಕಾಲದಿಂದ ಆ ಮನೆಯಲ್ಲಿ ರಾತ್ರಿಯೂಟ ಎಂದರೆ ಅದೇ. ಅಗಲ ಪಾತ್ರೆಯಲ್ಲಿ ಕೈಮಾ, ಅಣಬೆಯ ಗೊಜ್ಜು, ಮೇಲೆ ಆಲೂಗಡ್ಡೆ ಉಂಡೆಗಳ ಸಾಲು, ಆಮೇಲೆ ಓವನ್ನಿನ ಬಿಸಿ. ಅಮ್ಮ ದನದ ಕೈಮಾ ಹಾಕುತ್ತಿದ್ದಳು. ಬೆರಿಟ್ ಹಾಕುವುದು ಟರ್ಕಿಯದು. ಕೊಬ್ಬು ಕಡಿಮೆ, ಕಸುವು ಜಾಸ್ತಿ. ಆದರೆ ಆರ್ಲನ್ ಟರ್ಕಿ ಮುಟ್ಟುವವನಲ್ಲ. "ಹಗಲೆಲ್ಲ ಮುಖ ನೋಡಿದ್ದನ್ನ ರಾತ್ರಿ ಬಾಯಿಗೆ ಹೆಂಗೆ ಹಾಕ್ಕೊಳ್ಲಿ?" ಎನ್ನುತ್ತಿದ್ದ. ಅದಕ್ಕೇ ಅವಳು ಕೈಮಾವನ್ನು ಈರುಳ್ಳಿಯ ಜೊತೆ ಕಪ್ಪಾಗುವಷ್ಟು ಹುರಿದು, ದನದ್ದೆಂದೇ ಬಡಿಸುತ್ತಿದ್ದಳು. ಹದಿನಾರಕ್ಕೆ ಶಾಲೆ ಬಿಟ್ಟು ಅಮ್ಮನ ಹಾಸಿಗೆಯ ಪಕ್ಕ ಕೂತವಳು ಅವಳು. ಕಾಯಿಲೆಯವರಿಗೆ ಎಷ್ಟು ಸುಳ್ಳು ಬಡಿಸಬಹುದೆಂಬ ಅಂದಾಜು ಅವಳಿಗಿತ್ತು.

ಈ ದಿನ ಮೂರನೆಯ ತಟ್ಟೆಯೊಂದಿತ್ತು. ವೆಂಡೆಲ್ ಊಟಕ್ಕೆ ಬರುವವನಿದ್ದ. ಬೆಳಗಾದರೆ ಅವನು ದೂರದ ಮೊಂಟಾನಾ ರಾಜ್ಯಕ್ಕೆ ಹೊರಟುಹೋಗುತ್ತಾನೆ.

ಅವನು ಕೋಳಿಗಳ ಮೇವಿನ ಲಾರಿ ಓಡಿಸುತ್ತಿದ್ದವನು. ನಮ್ಮ ಕಡೆ ಎದುರು ಬಂದವರಿಗೆ ನಮಸ್ಕಾರದ ಬದಲು ಸ್ಟೀರಿಂಗಿನ ಮೇಲಿಂದ ಒಂದು ಬೆರಳೆತ್ತುವುದು ರೂಢಿ. ಪರಿಚಯ ಹೆಚ್ಚಿದ್ದರೆ ಎರಡು. ವೆಂಡೆಲ್ ಅವಳಿಗೆ ಮಾತ್ರ ನಾಲ್ಕು ಬೆರಳೂ ಎತ್ತುತ್ತಿದ್ದ. ನಾಲ್ಕು ಬೆರಳು ಎತ್ತಿ, ತಾನಲ್ಲವೇ ಅಲ್ಲ ಎಂಬಂತೆ ದಾರಿಯತ್ತ ನೋಡುತ್ತಿದ್ದ. ಅವಳೂ ಆಗ ತಂತಿಯ ಮೇಲಿನ ಬಟ್ಟೆಯನ್ನು ಸುಮ್ಮನೆ ಕೊಡವುತ್ತಿದ್ದಳು, ಒಣಗಿದ್ದನ್ನೇ ಮತ್ತೆ ಕೊಡವುತ್ತಿದ್ದಳು. ಕಿವಿ ಮಾತ್ರ ಲಾರಿಯ ಹಿಂದೆಯೇ ಹೋಗುತ್ತಿತ್ತು.

ಕೋಳಿಗಳು ಹೋದ ಮೇಲೂ ಲಾರಿ ಬರುವುದು ನಿಲ್ಲಲಿಲ್ಲ.

"ಮೇವು ಯಾರಿಗೋ ತಂದೆ?" ಎಂದು ಆರ್ಲನ್ ಕುರ್ಚಿಯಿಂದಲೇ ಕೂಗುತ್ತಿದ್ದ.

"ಈ ಕಡೆ ಬಂದಿದ್ದೆ ಅಜ್ಜಾ, ಹಂಗೇ ನೋಡ್ಕೊಂಡು ಹೋಗೋಣ ಅಂತ."

"ಈ ಕಡೆ ಅಂದ್ರೆ ಯಾವ ಕಡೆಯೋ? ನಮ್ಮನೆ ಆದ್ಮೇಲೆ ದಾರಿನೇ ಇಲ್ವಲ್ಲೋ!"

ವೆಂಡೆಲ್ ಕಿವಿಯವರೆಗೆ ಕೆಂಪಾಗುತ್ತಿದ್ದ. ಬೆರಿಟ್ ಕಾಫಿಯ ಕೆಟಲಿನ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದಳು.

ಇಲ್ಲಿ ನಮ್ಮ ಜನದ ಒಂದು ಗುಣ ಹೇಳಬೇಕು. ಕೊಟ್ಟದ್ದನ್ನು ಮೊದಲ ಸಲಕ್ಕೇ ಯಾರೂ ತೆಗೆದುಕೊಳ್ಳುವುದಿಲ್ಲ. ಕಾಫಿ ಬೇಕಾ ಎಂದರೆ "ಅಯ್ಯೋ ಬೇಡ." ಚೂರು ಕುಡಿಯಿರಿ ಎಂದರೆ "ನಿಮಗ್ಯಾಕೆ ತೊಂದರೆ." ಮೂರನೆಯ ಸಲ ಕೇಳಿದರೆ ಮಾತ್ರ, "ಇದ್ರೆ ಅರ್ಧ ಲೋಟ ಕೊಡಿ ಹಂಗಾರೆ." ಮೊದಲೆರಡು 'ಬೇಡ' ಬಾಗಿಲಲ್ಲಿ ಬೂಟು ಬಿಚ್ಚುವ ಹಾಗೆ, ಮರ್ಯಾದೆಗೆ. ಮನಸ್ಸು ಇರುವುದು ಮೂರನೆಯದರಲ್ಲಿ. ಮೂರನೆಯ ಸಲವೂ ಬೇಡ ಎಂದರೆ ಆಮೇಲೆ ಯಾರೂ ಕೇಳುವುದಿಲ್ಲ. ಕೇಳಿದರೆ ಅದು ಹಿಂಸೆ.

ಬೇಸಿಗೆಯ ಕೊನೆಗೆ, ಖಾಲಿ ಶೆಡ್ಡಿನ ಮೆಟ್ಟಿಲ ಮೇಲೆ ಕೂತಾಗ, ವೆಂಡೆಲ್ ಬೂಟಿನ ಮೂತಿ ನೋಡುತ್ತ ಕೇಳಿದ್ದ. "ಮೊಂಟಾನಾದಲ್ಲಿ ಗೋಧಿ ಸಾಗಿಸೋ ಕೆಲಸ ಇದೆ. ನೀನೂ ಬರ್ತೀಯಾ, ನನ್ ಜೊತೆ?"

ಅವಳ ಎದೆ ಡವಗುಟ್ಟಿತು. ಆದರೆ ಬಾಯಿ ತನ್ನ ರೂಢಿಯ ಕೆಲಸ ಮಾಡಿತು. "ಅಯ್ಯೋ, ನಾನೆಲ್ಲಿಗೆ. ನಿಂಗ್ಯಾಕೆ ಆ ಭಾರ."

ಮರದೆಲೆ ಉದುರುವ ಹೊತ್ತಿಗೆ, ಚರ್ಚಿನ ನೆಲಮಾಳಿಗೆಯಲ್ಲಿ ಇಬ್ಬರೂ ಕಾಫಿ ಕಪ್ಪು ತೊಳೆಯುತ್ತಿದ್ದಾಗ ಮತ್ತೆ ಕೇಳಿದ. "ಆ ವಿಷಯ... ಯೋಚಿಸಿದ್ಯಾ?"

"ಅಪ್ಪ ಇದಾರಲ್ಲ," ಎಂದಳು. ಕಪ್ಪು ಅವನ ಕೈಗೆ ದಾಟಿಸುವಾಗ ಒದ್ದೆ ಬೆರಳು ಬೆರಳಿಗೆ ತಾಗಿದವು. ಇಬ್ಬರೂ ಬೇಗ ತೆಗೆಯಲಿಲ್ಲ.

ಆವತ್ತಿನಿಂದ ಅವಳು ಮೂರನೆಯ ಸಲಕ್ಕೆ ಕಾಯುತ್ತಿದ್ದಳು. ಉತ್ತರ ಆಗಲೇ ಬಾಯಲ್ಲಿತ್ತು. 'ಹ್ಞೂಂ' ಎನ್ನುವುದನ್ನು ಕನ್ನಡಿಯ ಮುಂದೆ ಹೇಳಿ ನೋಡಿದ್ದಳು. ಅಪ್ಪನ ಕಾಲಿಗೆ ಶಕ್ತಿ ಬರಲೆಂದು ಕೈಮಾಕ್ಕೆ ಕಾಳು, ಮೊಸರು, ಗಿಣ್ಣು ಎಲ್ಲ ತುಂಬಿದ್ದು ಅಪ್ಪನ ಮೇಲಿನ ಪ್ರೀತಿಗೇ ಹೌದು. ಆದರೆ ಅಪ್ಪ ಗೋಡೆ ಹಿಡಿಯದೆ ನಡೆದ ದಿನ ಅವಳಿಗೆ ಮೊದಲು ನೆನಪಾದದ್ದು ಮೊಂಟಾನಾ. ಆ ನಾಚಿಕೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವನು ಕೇಳಿದರೆ ಇವತ್ತೇ ಕೇಳಬೇಕು.

ಹೊರಗೆ ನವೆಂಬರಿನ ಬೇಗನೆ ಬರುವ ಕತ್ತಲೆ. ಹಿಮವಿಲ್ಲ, ಬರೀ ಬೂದು ನೆಲ, ಬೂದು ಆಕಾಶ. ಲಾರಿಯ ದೀಪ ಗೋಡೆಯ ಮೇಲೆ ಹರಿಯಿತು. ವೆಂಡೆಲ್ ಒಳಗೆ ಬಂದು ಬೂಟು ಬಿಚ್ಚಿದ. ಕೂದಲು ಒದ್ದೆ ಮಾಡಿ ಬಾಚಿದ್ದ. ಅವಳು ನೋಡಿದಾಗ ಅವನು ನೋಡಲಿಲ್ಲ. ಅವಳು ಕಣ್ಣು ತಿರುಗಿಸಿದಾಗ ನೋಡಿದ.

"ಘಮ ಅಂತಿದೆ," ಎಂದ.

"ಏನಿಲ್ಲ, ಅದೇ ಹಾಟ್‌ಡಿಶ್."

ಪ್ರಾರ್ಥನೆ ಮುಗಿಸಿ ಮೂವರೂ ಉಂಡರು. ಆಲೂಗಡ್ಡೆ ಉಂಡೆ ಮೇಲೆ ಗರಿಗರಿಯಾಗಿ, ಅಡಿ ಮೆತ್ತಗೆ ಬಂದಿತ್ತು. ಆರ್ಲನ್ ಹವಾಮಾನದ ಬಗ್ಗೆ ಮಾತಾಡಿದ. ವೆಂಡೆಲ್ ಟೈರುಗಳ ಬಗ್ಗೆ ಮಾತಾಡಿದ. ಬೆರಿಟ್ ಅವನ ಗಂಟಲನ್ನು ನೋಡುತ್ತಿದ್ದಳು. ಮಾತು ಅಲ್ಲಿಗೆ ಬಂದು ಮತ್ತೆ ಇಳಿದುಹೋಗುತ್ತಿತ್ತು.

ಅವನ ತಟ್ಟೆ ಖಾಲಿಯಾಯಿತು.

"ಇನ್ನೊಂಚೂರು ಹಾಕ್ಲಾ?" ಎಂದಳು.

"ಹ್ಞೂಂ, ಹಾಕು," ಎಂದು ವೆಂಡೆಲ್ ತಟ್ಟೆ ಚಾಚಿದ.

ಸೌಟು ಗಾಳಿಯಲ್ಲೇ ನಿಂತಿತು. ಆರ್ಲನ್ ಫೋರ್ಕ್ ಕೆಳಗಿಟ್ಟ.

"ಎಲಾ ಇವನ! ಒಂದೇ ಸಲಕ್ಕೆ ಹ್ಞೂಂ ಅಂದ್ಬಿಟ್ನಲ್ಲೇ! ಏನೋ, ಯಾರ ಸಹವಾಸ ಆಯ್ತೋ ನಿಂಗೆ?"

ಅದು ತಮಾಷೆಯ ಮಾತು. ಆದರೆ ವೆಂಡೆಲ್ ಕೆಂಪಾಗಲಿಲ್ಲ. ಬಿಳಿಚಿಕೊಂಡ.

"ಕೊರೀನ್ ಅಂತ," ಎಂದ. "ಮೇವಿನ ಮಿಲ್ಲಿನ ಆಫೀಸಲ್ಲಿ ಕೆಲಸ ಮಾಡ್ತಿದ್ಲು. ಟೆಕ್ಸಾಸ್‌ನೋಳು, ನಮ್ಮ ಕಡೆಯೋಳಲ್ಲ. ಅವಳೂ ಬರ್ತಿದಾಳೆ, ಮೊಂಟಾನಾಕ್ಕೆ. ಅಲ್ಲೇ ಮದುವೆ ಅಂತ." ಸ್ವಲ್ಪ ತಡೆದು, ತನಗೇ ಆಶ್ಚರ್ಯ ಎಂಬಂತೆ ಹೇಳಿದ. "ಒಂದೇ ಸಲ ಕೇಳಿದ್ದು. ಹ್ಞೂಂ ಅಂದ್ಬಿಟ್ಲು."

ಬೆರಿಟ್ ಬಡಿಸಿದಳು. ಒಂದು ಉಂಡೆಯೂ ಚೆಲ್ಲದ ಹಾಗೆ, ಸಾಲು ಕೆಡದ ಹಾಗೆ ಬಡಿಸಿದಳು. ಆಮೇಲೆ ಕೂತು, "ಒಳ್ಳೇದಾಯ್ತು," ಎಂದಳು.

ತನ್ನ ತಟ್ಟೆಯ ಒಂದು ಉಂಡೆಯನ್ನು ಫೋರ್ಕಿನಿಂದ ಎರಡು ಮಾಡಿದಳು.

"ನೀನು ಎರಡೇ ಸಲ ಕೇಳಿದ್ದು," ಎಂದಳು ಮತ್ತೆ, ತಟ್ಟೆಗೆ ಹೇಳುವಂತೆ.

ವೆಂಡೆಲ್ ತಲೆಯೆತ್ತಿದ. "ಮೂರು."

"ಎರಡು. ಶೆಡ್ಡಿನ ಮೆಟ್ಟಿಲಲ್ಲಿ ಒಂದು, ಚರ್ಚಿನಲ್ಲಿ ಒಂದು."

"ಆಮೇಲೆ ಅಂಗಳದಲ್ಲಿ, ಬೆರಿಟ್. ನೀನು ಗ್ಯಾಸ್ ಟ್ಯಾಂಕಿನ ಹತ್ರ ನಿಂತಿದ್ದೆ. ನಾನು ಹೇಳಲಿಲ್ವಾ, ಲಾರೀಲಿ ಎರಡು ಸೀಟಿದೆ, ಅಷ್ಟು ದೂರ ಒಂದು ಸುಮ್ನೆ ಖಾಲಿ ಹೋಗತ್ತೆ ಅಂತ?"

ಅವಳಿಗೆ ನೆನಪಾಯಿತು. ಗಾಳಿ ಬೀಸುತ್ತಿತ್ತು. ಅವನ ಟೋಪಿ ಕೈಯಲ್ಲಿತ್ತು. ಟೋಪಿಯನ್ನು ಸುತ್ತ ಸುತ್ತ ತಿರುಗಿಸುತ್ತಿದ್ದ. ಅವನು ಲಾರಿಯ ಮಾತಾಡುತ್ತಿದ್ದಾನೆಂದು ಅವಳಂದುಕೊಂಡಿದ್ದಳು.

"ಅದಕ್ಕೆ ನೀನೇನಂದೆ ಗೊತ್ತಾ?" ವೆಂಡೆಲ್‌ನ ಧ್ವನಿ ಒಡೆಯಿತು. "ಅದರ ಮೇಲೆ ಸೂಟ್‌ಕೇಸ್ ಇಟ್ಕೋ ಅಂದೆ."

ಆರ್ಲನ್ ಒಂದು ಸಲ ನಕ್ಕುಬಿಟ್ಟ, ತಡೆಯಲಾರದೆ. ಆಮೇಲೆ ಆ ನಗು ಅವನ ಮುಖದ ಮೇಲೇ ಮುದುಡಿತು.

"ನಂಗೆ ತಿಳೀಲಿಲ್ಲ," ಎಂದಳು ಬೆರಿಟ್.

"ನಾನು ಲಾರೀಲಿ ಕೂತು ತುಂಬಾ ಹೊತ್ತು ಇಂಜಿನ್ ಆನ್ ಮಾಡಲಿಲ್ಲ. ನೀನು ತಿರುಗಿ ಬರ್ತೀಯ ಅಂತ. ನೀನು ಒಳಗೆ ಹೋಗಿ ದೀಪ ಹಾಕಿದೆ."

"ಬಿಸ್ಕತ್ತು ಬೇಯ್ತಿತ್ತು." ಅವಳ ಕಣ್ಣು ತುಂಬಿತು. "ನಿಂಗೆ ಕೊಡೋಣ ಅಂತ, ಪೊಟ್ಟಣ ಕಟ್ಟೋಕೆ ಹೋದೆ. ಹೊರಗೆ ಬಂದ್ರೆ ನೀನಿರಲಿಲ್ಲ."

ಯಾರ ತಪ್ಪು ಎಂದು ಹೇಳುವುದು? ನಮ್ಮಲ್ಲಿ ನೇರ ಕೇಳುವವನು ಒರಟ. ನೇರ ಒಪ್ಪುವವಳು ಆಸೆಬುರುಕಿ. ಇಬ್ಬರೂ ಒಳ್ಳೆಯ ಮನೆಯ ಮಕ್ಕಳು, ಒಳ್ಳೆಯ ನಡತೆ ಕಲಿತವರು. ಆ ನಡತೆಯೇ ಇಬ್ಬರ ನಡುವೆ ಬೇಲಿಯಂತೆ ಬೆಳೆದು ನಿಂತಿತ್ತು.

ಆರ್ಲನ್ ಗಂಟಲು ಸರಿಮಾಡಿಕೊಂಡ. "ನನ್ನ ನೆಪ ಯಾರೂ ಹೇಳ್ಬೇಡಿ," ಎಂದ ಬಿರುಸಾಗಿ. "ಇವಳನ್ನ ನಾನು ಕಟ್ಟಿಹಾಕಿಲ್ಲ. ಎದ್ದು ನಿಲ್ತೀನಿ ಈಗ, ನೋಡ್ತೀಯಾ?" ಮೇಜಿಗೆ ಕೈಯೂರದೆ ನಿಜವಾಗಿಯೂ ಎದ್ದು ನಿಂತ. ಮೊಣಕಾಲು ನಡುಗಿದವು, ಆದರೂ ನಿಂತ. "ಬೇಸಿಗೆಯಿಂದ ಟರ್ಕಿ ತಿನ್ನಿಸ್ತಿದಾಳೆ ಹುಡುಗಿ. ದನದ್ದಂತೆ! ನಲವತ್ತು ವರ್ಷ ಟರ್ಕಿ ಸಾಕಿದೋನಿಗೆ ಟರ್ಕಿ ತಿಳಿಯಲ್ವೇನೇ?"

"ಗೊತ್ತಿತ್ತಾ ಅಪ್ಪಾ?"

"ಕಾಳೂ ಗೊತ್ತು. ಟವೆಲ್ಲೂ ಗೊತ್ತು."

"ಮತ್ಯಾಕೆ ಸುಮ್ನೆ ತಿಂದೆ?"

"ನೀನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದೆ. ಪಾಪ ಅನ್ನಿಸ್ತು." ಆರ್ಲನ್ ಮೆಲ್ಲಗೆ ಕೂತ. ಅವಳ ಕಡೆ ನೋಡಲಿಲ್ಲ. "ನೀನು ಹೋಗ್ತೀನಿ ಅಂದಿದ್ರೆ ಹೋಗು ಅಂತಿದ್ದೆ. ನೀನು ಹೇಳ್ತೀಯ ಅಂತ ನಾನೂ ಕಾಯ್ತಿದ್ದೆ."

ವೆಂಡೆಲ್ ಎರಡು ಕೈಗಳಿಂದ ಮುಖ ಒರೆಸಿಕೊಂಡ. ಅವನ ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ತಣ್ಣಗಾಗುತ್ತಿತ್ತು. "ಕೊರೀನ್ ಕೆಲಸ ಬಿಟ್ಟಾಯ್ತು, ಬೆರಿಟ್," ಎಂದ. "ಮನೆ ಖಾಲಿ ಮಾಡಿದಾಳೆ. ಒಳ್ಳೆಯೋಳು ಅವಳು. ನನ್ನ ನಂಬಿದಾಳೆ."

"ಒಳ್ಳೆಯೋಳೇ ಇರ್ಬೇಕು."

"ನಿನ್ನ ಮರ್ತು ಕೇಳಿದ್ದಲ್ಲ ನಾನು. ನೀನು ಬೇಡ ಅಂದ್ಮೇಲೆ ಕೇಳಿದ್ದು."

"ನಾನು ಬೇಡ ಅಂದಿಲ್ಲ," ಎಂದಳು ಅವಳು. "ಮೂರೂ ಸಲ, ಒಂದು ಸಲವೂ ಬೇಡ ಅಂದಿಲ್ಲ."

 ವೆಂಡೆಲ್ ಅವಳನ್ನು ನೋಡಿದ, ಈ ಸಲ ಕಣ್ಣು ತಪ್ಪಿಸದೆ. ಇಷ್ಟು ವರ್ಷ ಕದ್ದು ಕದ್ದು ನೋಡಿದ್ದನ್ನೆಲ್ಲ ಒಟ್ಟಿಗೆ ತೀರಿಸುವಂತೆ ನೋಡಿದ. ಹುಬ್ಬಿನ ಮೇಲೆ ಅಂಟಿದ್ದ ಹಿಟ್ಟನ್ನೂ, ಒಲೆಯ ಬಿಸಿಗೆ ಸುರುಳಿಯಾದ ಕೂದಲನ್ನೂ ನೋಡಿದ. ಅವಳೂ ನೋಡಿದಳು. ಅವನ ಕಣ್ಣ ಕೆಳಗೆ ಸಣ್ಣ ಗೆರೆಗಳಿದ್ದವು, ಅವಳಿಗೆ ಗೊತ್ತಿರಲಿಲ್ಲ. ಅಷ್ಟು ಹತ್ತಿರದಿಂದ ಅವಳು ನೋಡಿಯೇ ಇರಲಿಲ್ಲ.

ಅವನು ಎದ್ದ. ಬಾಗಿಲ ಬಳಿ ಹೋಗಿ, ಬಗ್ಗಿ, ಬೂಟು ಹಾಕಿಕೊಳ್ಳತೊಡಗಿದ. ಒಂದು ಕಾಲಿನ ದಾರ ಕಟ್ಟಿದ. ಇನ್ನೊಂದು ಕಾಲಿನದು ಕೈಗೆ ಸಿಗಲಿಲ್ಲ.

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಬೆರಿಟ್‌ಗೆ ಗೊತ್ತಿತ್ತು. 'ರಸ್ತೆ ಜಾರತ್ತೆ, ಹುಷಾರು.' 'ಜಿಂಕೆ ಅಡ್ಡ ಬರತ್ತೆ, ನೋಡ್ಕೊಂಡು ಹೋಗು.' ನಮ್ಮಲ್ಲಿ ಎದೆಯೊಡೆದವರೂ ಅದನ್ನೇ ಹೇಳುತ್ತಾರೆ, ಕೇಳಿಸಿಕೊಂಡವರಿಗೆ ಅರ್ಥವಾದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಅವಳು ಎದ್ದು ನಿಂತಳು. ಕುರ್ಚಿ ಹಿಂದೆ ಬಿತ್ತು. ಎತ್ತಲಿಲ್ಲ.

ಅಪ್ಪ ತಟ್ಟೆಯ ಅಂಚನ್ನು ನೋಡುತ್ತಿದ್ದ. ವೆಂಡೆಲ್ ಬಾಗಿದವನು ಬಾಗಿಯೇ ಇದ್ದ, ದಾರ ಕೈಯಲ್ಲಿ.

"ನನ್ನನ್ನ ಕರ್ಕೊಂಡು ಹೋಗು, ವೆಂಡೆಲ್," ಎಂದಳು.